ಒಬ್ರು ಬಂದು ಟಾರ್ಚ್ ಹಿಡ್ಕೊಳ್ಳಿ

ಎದುರುಮನೆಯ ಅಂಕಲ್ ಬ್ಯಾಂಕಿನಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಏನು ಹೇಳಿದರೂ ಲೆಕ್ಕ ಹಾಕಿ ಹೇಳುತ್ತಾರೆ. ಒಂದು ದಿನ ಬೆಳಿಗ್ಗೆ ಹಾಲಿನ ಬೂತ್ ಹತ್ತಿರ ಸಿಕ್ಕಿದವರು, "ನಮ್ಮ ಬೆಂಗಳೂರಿಗೆ ಕಾರ್ಪೊರೇಟರ್‌ಗಳಿಲ್ಲದೆ ಐದು ವರ್ಷ ದಾಟಿತು. ಏನಾದ್ರೂ ಮುಳುಗಿ ಹೋಯ್ತಾ? ಕಸದ ಆಟೋ ಬರ್ತಿದೆ, ಬೀದಿದೀಪ ಉರೀತಿದೆ. ಫ್ಲೆಕ್ಸ್ ಕಡಿಮೆ ಆಯ್ತು, ಕಮಿಷನ್ ಕಾಟ ಕಡಿಮೆ ಆಯ್ತು. ಹೀಗೇ ಇದ್ದುಬಿಡಲಿ ಬಿಡಿ" ಅಂದರು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಹಾಲಿನ ಪ್ಯಾಕೆಟ್ ಹಿಡಿದುಕೊಂಡು ಮನೆಗೆ ಬಂದೆ. ಮಾತು ಮಾತ್ರ ತಲೆಯಲ್ಲೇ ಕೂತಿತು.

ಅವರೊಬ್ಬರೇ ಹೀಗೆ ಹೇಳುವುದಿಲ್ಲ. ನಮ್ಮ ಬೀದಿಯಲ್ಲಿ ಹತ್ತು ಜನರನ್ನು ಕೇಳಿದರೆ ಏಳೆಂಟು ಜನ ಇದನ್ನೇ ಹೇಳುತ್ತಾರೆ. ಕಾರ್ಪೊರೇಟರ್ ಅಂದರೆ ನಮ್ಮ ಕಣ್ಣಿಗೆ ಬರುವುದೇ ಒಂದು ಚಿತ್ರ. ಬಿಳಿ ಶರ್ಟು, ಬಿಳಿ ಕಾರು, ಹುಟ್ಟುಹಬ್ಬದ ಬ್ಯಾನರ್, ಮನೆ ಕಟ್ಟಲು ಶುರು ಮಾಡಿದ ಮರುದಿನ ಬಂದು ನಿಲ್ಲುವ ಹುಡುಗರು. ಈ ಚಿತ್ರ ಸುಳ್ಳು ಅಂತ ನಾನು ಹೇಳುವುದಿಲ್ಲ. ನಾನೂ ಅದನ್ನು ನೋಡಿದ್ದೇನೆ. ಆದರೆ ನಾನು ನೋಡಿದ್ದು ಅದೊಂದೇ ಅಲ್ಲ. ಅಂಕಲ್‌ಗೆ ಹೇಳಲಾಗದೆ ಹೋದದ್ದು ಆ ಇನ್ನೊಂದನ್ನು.

ಅಷ್ಟಮಿಯ ರಾತ್ರಿ

2017ರ ಆಗಸ್ಟ್ 14ರ ರಾತ್ರಿ ದಕ್ಷಿಣ ಬೆಂಗಳೂರಿನಲ್ಲಿದ್ದವರು ಯಾರೂ ಆ ಮಳೆಯನ್ನು ಮರೆತಿರಲಿಕ್ಕಿಲ್ಲ. ಮಧ್ಯರಾತ್ರಿ ಹಿಡಿದ ಮಳೆ ಬೆಳಗಿನವರೆಗೂ ಬಿಡಲಿಲ್ಲ. ನಮ್ಮ ಬೀದಿ ಇಳಿಜಾರಿನದು. ಮೇಲಿನಿಂದ ಬಂದ ನೀರೆಲ್ಲ ಕೆಳಗಿನ ನಾಲ್ಕು ಮನೆಗಳ ಮುಂದೆ ನಿಂತು, ಅಲ್ಲಿನ ಮೋರಿಯಿಂದ ಹಿಂದಿನ ರಾಜಕಾಲುವೆಗೆ ಸೇರಬೇಕು. ಆ ನಾಲ್ಕರಲ್ಲಿ ಮೂರನೆಯದು ನಮ್ಮದು. ಎರಡೂವರೆ ಹೊತ್ತಿಗೆ ಅಮ್ಮ ಎಬ್ಬಿಸಿದರು. ಬಚ್ಚಲ ತೂಬಿನಿಂದ ನೀರು ಮೇಲಕ್ಕೆ ಬರುತ್ತಿತ್ತು. ನೋಡನೋಡುತ್ತಿದ್ದಂತೆ ಅಡುಗೆಮನೆಗೆ ಬಂತು. ಖಾಲಿ ಸಿಲಿಂಡರ್ ಒಂದು ಕಡೆ ತೇಲುತ್ತಿತ್ತು, ಅಷ್ಟಮಿಗೆ ಮಾಡಿಟ್ಟ ಚಕ್ಕುಲಿ ಡಬ್ಬ ಇನ್ನೊಂದು ಕಡೆ. ಅಮ್ಮ ಅಕ್ಕಿ ಮೂಟೆಯನ್ನು ಊಟದ ಮೇಜಿನ ಮೇಲೆ ಎತ್ತಿಡಿಸಿ, ಅದರ ಪಕ್ಕದಲ್ಲೇ ಕೃಷ್ಣನ ಫೋಟೋ ಇಟ್ಟರು.

ಹೊರಗೆ ಬಂದರೆ ಬೀದಿಗೆ ಬೀದಿಯೇ ಎದ್ದಿತ್ತು. ಯಾರೋ ಕಾರ್ಪೊರೇಟರ್ ಗಂಡನಿಗೆ ಫೋನ್ ಮಾಡಿದ್ದರು. ನಮ್ಮ ವಾರ್ಡ್ ಮಹಿಳಾ ಮೀಸಲು. ಗೆದ್ದವರು ಹೆಂಡತಿ. ಆದರೆ ಎರಡು ವರ್ಷದಿಂದ ನಾವೆಲ್ಲ ಕಾರ್ಪೊರೇಟರ್ ಅಂತ ಕರೆಯುತ್ತಿದ್ದದ್ದು ಗಂಡನನ್ನೇ. ಪಾಲಿಕೆಯಲ್ಲಿ ಅರ್ಧದಷ್ಟು ಸೀಟು ಮಹಿಳೆಯರಿಗೆ ಅಂತ ಕಾನೂನು ಬಂದಮೇಲೂ ಎಷ್ಟೋ ವಾರ್ಡ್‌ಗಳಲ್ಲಿ ಹೀಗೇ ನಡೆಯುತ್ತಿತ್ತು, ಎಲ್ಲರಿಗೂ ಗೊತ್ತಿರುವುದೇ. ಅವತ್ತು ಆತ ಊರಲ್ಲಿರಲಿಲ್ಲ. ಮೂರು ಗಂಟೆಗೆ ಆಕೆಯೇ ಬಂದರು. ಜೊತೆಗೆ ಡ್ರೈವರ್ ಮತ್ತು ಹಾರೆ ಹಿಡಿದ ಇಬ್ಬರು ಹುಡುಗರು. ಸೀರೆಯನ್ನು ಮೊಣಕಾಲಿಗೆ ಎತ್ತಿ ಸಿಕ್ಕಿಸಿದ್ದರು. ಚಪ್ಪಲಿ ಕೈಯಲ್ಲಿತ್ತು.

ಆಕೆ ನೀರಿಗೆ ಇಳಿದದ್ದೇ ತಡ, ಬೈಗುಳ ಶುರುವಾಯಿತು. ಮೂಲೆಮನೆಯ ಅಜ್ಜಿ ಮೆಟ್ಟಿಲ ಮೇಲೆ ನಿಂತು, "ಓಟು ಕೇಳೋಕೆ ಬಂದಾಗ ನನ್ನ ಕಾಲು ಮುಟ್ಟಿದ್ಯಲ್ಲಮ್ಮ, ನೋಡು ಈಗ ಆ ಕಾಲು ಎಲ್ಲಿದೆ ಅಂತ" ಅಂದರು. ಅಜ್ಜಿಯ ಕಾಲು ಪಾದ ಮುಳುಗುವಷ್ಟು ಕೆಸರು ನೀರಿನಲ್ಲಿತ್ತು. ನಾನೂ ಬಿಡಲಿಲ್ಲ. ನಾವು ಕಟ್ಟುವ ಕಂದಾಯ ಎಲ್ಲಿಗೆ ಹೋಗುತ್ತೆ, ಎರಡು ವರ್ಷದಲ್ಲಿ ಎರಡು ಸಲ ಫುಟ್‌ಪಾತ್ ಟೈಲ್ಸ್ ಕಿತ್ತು ಹಾಕಿದಿರಲ್ಲ, ಆ ದುಡ್ಡಲ್ಲಿ ಮೋರಿ ಮಾಡೋಕೆ ಆಗ್ತಿರಲಿಲ್ವಾ ಅಂತ ಜೋರಾಗಿಯೇ ಕೇಳಿದೆ. ಆಕೆ ತಿರುಗಿ ನೋಡಿದರು. ಮುಖದ ಮೇಲಿಂದ ನೀರು ಇಳಿಯುತ್ತಿತ್ತು. "ಬೈರಿ, ಬೈಬೇಡಿ ಅನ್ನಲ್ಲ. ಆದ್ರೆ ಒಬ್ರು ಬಂದು ಟಾರ್ಚ್ ಹಿಡ್ಕೊಳ್ಳಿ."

ಹತ್ತಿರದಲ್ಲಿದ್ದವನು ನಾನೇ. ಹೋಗಿ ಹಿಡಿದೆ.

ಹುಡುಗರು ಹಾರೆ ಹಾಕಿ ಮೋರಿಯ ಚಪ್ಪಡಿ ಎಬ್ಬಿಸಿದರು. ಒಬ್ಬ ಒಳಗೆ ಕೈ ಹಾಕಿ, ಭುಜದವರೆಗೂ ಇಳಿಸಿ, ಏನೋ ಬಟ್ಟೆ ಸಿಗ್ತಿದೆ ಅಂದ. ಮೂರು ಜನ ಸೇರಿ ಎಳೆದರು. ಬಂದದ್ದು ಒಂದು ಹಾಸಿಗೆ. ನೀಲಿ ಪಟ್ಟಿಯ ಹಳೆಯ ಹತ್ತಿ ಹಾಸಿಗೆ, ನೀರು ಕುಡಿದು ಕೋಣದಷ್ಟು ಭಾರವಾಗಿತ್ತು. ಅದು ಹೊರಗೆ ಬಂದದ್ದೇ ನೀರು ಗುಳುಗುಳು ಅಂತ ಸುತ್ತಿ ಇಳಿಯತೊಡಗಿತು. ಟಾರ್ಚಿನ ಬೆಳಕಿನಲ್ಲಿ ನಾನು ಆ ಪಟ್ಟಿಯನ್ನು ನೋಡಿದೆ. ಯಾರ ಮನೆಯ ತಾರಸಿಯಲ್ಲಿ ಅದು ಒಂದು ತಿಂಗಳು ಬಿಸಿಲಿಗೆ ಬಿದ್ದಿತ್ತು ಅಂತ ನನಗೆ ಗೊತ್ತಿತ್ತು. ಇನ್ನೂ ಇಬ್ಬರು ಮೂವರಿಗೆ ಗೊತ್ತಿರಲೇಬೇಕು. ಯಾರೂ ಬಾಯಿ ಬಿಡಲಿಲ್ಲ.

ಬೆಳಿಗ್ಗೆ ಎಂಟಕ್ಕೆ ಪಾರ್ಕಿನಲ್ಲಿ ಧ್ವಜಾರೋಹಣ. ನಿದ್ದೆಯಿಲ್ಲದ ಕಣ್ಣಿನಲ್ಲೇ ಹೋಗಿದ್ದೆ. ಆಕೆ ಬೇರೆ ಸೀರೆ ಉಟ್ಟು ಬಂದಿದ್ದರು. ಧ್ವಜದ ಹಗ್ಗ ಎಳೆಯುವಾಗ ಉಗುರಿನ ಸಂದಿಯಲ್ಲಿ ಕೆಸರು ಹಾಗೇ ಇತ್ತು. ಮಕ್ಕಳಿಗೆ ಲಾಡು ಹಂಚಿದರು. ಆಮೇಲೆ ಮೈಕ್ ಇಲ್ಲದೆ, ನಮ್ಮ ಬೀದಿಯವರು ನಿಂತ ಕಡೆ ಬಂದು, "ಮೋರಿ ಕ್ಲೀನ್ ಮಾಡ್ಸೋದು ನನ್ನ ಕೆಲ್ಸ, ಮಾಡ್ಸಿರಲಿಲ್ಲ, ತಪ್ಪು. ಹಾಸಿಗೆ ಹಾಕಿದ್ದು ನಾನಲ್ಲ" ಅಂದರು. ಯಾರೂ ಎದುರು ಮಾತಾಡಲಿಲ್ಲ.

ಇನ್ನೊಂದು ವಿಷಯ ಇಲ್ಲಿ ಹೇಳಲೇಬೇಕು. 2015ರ ಆಗಸ್ಟ್ 22ರಂದು, ಆಕೆ ಗೆದ್ದ ಆ ಚುನಾವಣೆಯಲ್ಲಿ, ನಾನು ಓಟು ಹಾಕಿರಲಿಲ್ಲ. ಅವತ್ತು ಶನಿವಾರ. ಮೈಸೂರಿನಲ್ಲಿ ಅಕ್ಕನ ಮನೆಗೆ ಹೋಗಿದ್ದೆ. ಊರಿನ ಅರ್ಧದಷ್ಟು ಮತದಾರರೂ ಅವತ್ತು ಬೂತಿಗೆ ಹೋಗಲಿಲ್ಲ. ಮತದಾನ ಶೇಕಡಾ 49ರ ಆಸುಪಾಸಿನಲ್ಲಿ ನಿಂತಿತು. ಆ ಮಳೆಯಲ್ಲಿ ನಾನು ಅಷ್ಟು ಜೋರಾಗಿ ಕೂಗಿದ್ದು, ಪರವಾಗಿಯೂ ವಿರುದ್ಧವಾಗಿಯೂ ನಾನು ಓಟು ಹಾಕದ ಒಬ್ಬ ಹೆಂಗಸಿನ ಮೇಲೆ. ಇದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಮೊದಲ ಶನಿವಾರ

2018ರ ಡಿಸೆಂಬರ್‌ನಿಂದ ಪ್ರತಿ ತಿಂಗಳ ಮೊದಲ ಶನಿವಾರ ವಾರ್ಡ್ ಸಮಿತಿ ಸಭೆ ಅಂತ ಶುರುವಾಯಿತು. ಸಂವಿಧಾನದ 74ನೇ ತಿದ್ದುಪಡಿ 1993ರಲ್ಲೇ ವಾರ್ಡ್ ಸಮಿತಿ ಇರಬೇಕು ಅಂತ ಹೇಳಿತ್ತು. ಬೆಂಗಳೂರಿನಲ್ಲಿ ಅದು ನಿಜವಾಗಿ ಉಸಿರಾಡಲು ಇಪ್ಪತ್ತೈದು ವರ್ಷ ಹಿಡಿಯಿತು. ಅದಕ್ಕೂ ನಾಗರಿಕರು ಹೈಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು. ಟಾರ್ಚ್ ಹಿಡಿದ ಋಣವೋ ಏನೋ, ನಾನು ಹೋಗಲು ಶುರು ಮಾಡಿದೆ.

ಸಭೆ ಅಂದರೆ ದೊಡ್ಡದೇನಲ್ಲ. ಪಾರ್ಕಿನ ಪಕ್ಕದ ಹಾಲಿನಲ್ಲಿ ಇಪ್ಪತ್ತು ಪ್ಲಾಸ್ಟಿಕ್ ಕುರ್ಚಿ, ಒಂದು ಮೇಜು, ಹಾಜರಿ ಪುಸ್ತಕ. ಬರುತ್ತಿದ್ದದ್ದು ಹತ್ತು ಹನ್ನೆರಡು ಜನ. ಒಂದು ಸಲ ನಾನು ಎದ್ದು ಕಾವೇರಿ ನೀರು ಎರಡು ದಿನಕ್ಕೊಮ್ಮೆಯೂ ಸರಿಯಾಗಿ ಬರುತ್ತಿಲ್ಲ ಅಂದೆ. ಪಕ್ಕದವರು ಕರೆಂಟ್ ಬಗ್ಗೆ ಕೇಳಿದರು. ಇನ್ನೊಬ್ಬರು ಬಸ್ ಸ್ಟಾಪಿನಲ್ಲಿ ಬಸ್ಸೇ ನಿಲ್ಲಿಸುವುದಿಲ್ಲ ಅಂದರು. ಮತ್ತೊಬ್ಬರು ರಾತ್ರಿ ಬೈಕ್ ರೇಸ್ ಮಾಡುವ ಹುಡುಗರ ಬಗ್ಗೆ. ಆಕೆ ಎಲ್ಲ ಕೇಳಿಸಿಕೊಂಡು, ಅಜೆಂಡಾ ಹಾಳೆಯನ್ನು ಹಿಂದೆ ತಿರುಗಿಸಿ, ಪೆನ್ನಿನಲ್ಲಿ ಮಧ್ಯಕ್ಕೆ ಒಂದು ಗೆರೆ ಎಳೆದರು. ಎಡಗಡೆ ಬರೆದದ್ದು: ವಾರ್ಡಿನ ರಸ್ತೆ, ಮಳೆನೀರಿನ ಮೋರಿ, ಕಸ, ಪಾರ್ಕು, ಬೀದಿದೀಪ. ಬಲಗಡೆ ಬರೆದದ್ದು: ನೀರು ಮತ್ತು ಒಳಚರಂಡಿ ಜಲಮಂಡಳಿ, ಕರೆಂಟ್ ಬೆಸ್ಕಾಂ, ಬಸ್ಸು ಬಿಎಂಟಿಸಿ, ಬಡಾವಣೆ ಬಿಡಿಎ, ಹುಡುಗರು ಪೊಲೀಸ್. "ನೀವು ನನ್ನನ್ನ ಬೈಯೋದ್ರಲ್ಲಿ ಮುಕ್ಕಾಲು ಪಾಲು ಈ ಬಲಗಡೆದು. ಅವರಿಗೆ ಫೋನ್ ಮಾಡಿದ್ರೆ ನನ್ನ ಫೋನ್ ಕೂಡ ಎತ್ತಲ್ಲ" ಅಂದರು.

ಆ ಹಾಳೆಯನ್ನು ನಾನು ಕೇಳಿ ಇಸಿದುಕೊಂಡು ಬಂದೆ. ಇವತ್ತಿಗೂ ಇದೆ. ಊರಿನ ಆಡಳಿತದ ಬಗ್ಗೆ ನಾನು ಅದುವರೆಗೆ ಇಟ್ಟುಕೊಂಡಿದ್ದ ಅಭಿಪ್ರಾಯವೆಲ್ಲ ಆ ಗೆರೆಯ ಬಲಕ್ಕೆ ಸೇರಿದ್ದಾಗಿತ್ತು. ಜಲಮಂಡಳಿ 1964ರದ್ದು, ಬಿಡಿಎ 1976ರದ್ದು. ನೀರೂ ಜಾಗವೂ ನನ್ನ ಬುದ್ಧಿ ತಿಳಿಯುವ ಮುಂಚೆಯೇ ಚುನಾಯಿತ ಪಾಲಿಕೆಯ ಕೈ ಬಿಟ್ಟಿದ್ದವು. ಮೇಯರ್ ಅಂದರೆ ಊರಿನ ದೊರೆ ಅಂದುಕೊಂಡಿದ್ದೆವು. ಒಬ್ಬೊಬ್ಬರಿಗೆ ಸಿಗುತ್ತಿದ್ದದ್ದು ಒಂದೇ ವರ್ಷ. 2015ರಿಂದ 2020ರವರೆಗೆ ಐದು ಜನ ಮೇಯರ್ ಆಗಿ ಹೋದರು. ಒಂದು ವರ್ಷದಲ್ಲಿ ಫೈಲುಗಳ ಹೆಸರು ಕಲಿಯುವಷ್ಟರಲ್ಲೇ ಅವಧಿ ಮುಗಿಯುತ್ತದೆ. ಕೈಯಲ್ಲಿ ಏನೂ ಕೊಡದೆ ಎದುರಿಗೆ ಮಾತ್ರ ನಿಲ್ಲಿಸಿದ್ದೆವು. ಇಂಥವರ ಕೈ ಕಟ್ಟಿರುವುದನ್ನು ನೋಡದೆ ನಾವು ಅವರ ಮುಖ ನೋಡಿ ಬೈದೆವು.

(ಮೈಸೂರಿನಲ್ಲಿ ಈ ಗೆರೆ ಬೇರೆ ಥರ ಇದೆ. ಅಲ್ಲಿ ವಾಣಿವಿಲಾಸ ನೀರು ಸರಬರಾಜು ಪಾಲಿಕೆಯ ಕೆಳಗೇ ಬರುತ್ತದೆ. ಅಕ್ಕನ ಬೀದಿಯಲ್ಲಿ ನಲ್ಲಿ ನಿಂತರೆ ಅವರು ನೇರ ಕಾರ್ಪೊರೇಟರ್ ಮನೆ ಬಾಗಿಲಿಗೇ ಹೋಗುತ್ತಿದ್ದರು. ಅಲ್ಲೂ 2023ರ ನವೆಂಬರ್‌ಗೆ ಪಾಲಿಕೆಯ ಅವಧಿ ಮುಗಿಯಿತು. ಆಮೇಲೆ ಆಡಳಿತಾಧಿಕಾರಿಗಳು ಬಂದರು. ಈಗ ಅಕ್ಕನಿಗೂ ನನಗೂ ಫೋನಿನಲ್ಲಿ ಇದೇ ಮಾತು.)

ಆಕೆ ದೇವರಂಥವರು ಅಂತ ನಾನು ಹೇಳುತ್ತಿಲ್ಲ. ಪಾರ್ಕಿನ ಗೇಟು ಚೆನ್ನಾಗಿಯೇ ಇದ್ದರೂ ಕಿತ್ತು ಹೊಸದು ಹಾಕಿಸಿದರು. ಕಾಂಟ್ರಾಕ್ಟರ್ ಅವರ ಕಡೆಯವರೇ ಅನ್ನುವ ಮಾತು ಬೀದಿಯಲ್ಲೆಲ್ಲ ಇತ್ತು. ಗಂಡನ ಹುಟ್ಟುಹಬ್ಬಕ್ಕೆ ಸರ್ಕಲ್ ತುಂಬ ಬ್ಯಾನರ್. ಒಂದು ಸಭೆಯಲ್ಲಿ ಆ ಗೇಟಿನ ಬಿಲ್ ಕೇಳಿದೆ. ಮುಖ ಕೆಂಪಾಯಿತು. ಮುಂದಿನ ತಿಂಗಳು ತರುತ್ತೇನೆ ಅಂದರು. ತರಲಿಲ್ಲ. ಮತ್ತೆ ಕೇಳಿದೆ. ಮೂರನೇ ತಿಂಗಳು ಎಂಜಿನಿಯರ್ ಕೈಲಿ ಕೊಡಿಸಿದರು. ಮೂರು ತಿಂಗಳು ಎಳೆದಾಡಿದರೂ ಆ ಬಿಲ್ ಹನ್ನೊಂದು ಜನರ ಮುಂದೆ ಮೇಜಿನ ಮೇಲೆ ಬಂತು. ನನಗೆ ಮುಖ್ಯ ಅದು.

ಬದಲಾಗುತ್ತಲೇ ಇರುವ ಗಡಿ

2020ರ ಸೆಪ್ಟೆಂಬರ್ 10ಕ್ಕೆ 198 ಕಾರ್ಪೊರೇಟರ್‌ಗಳ ಅವಧಿ ಮುಗಿಯಿತು. ಕೋವಿಡ್ ಕಾಲ. ಸ್ವಲ್ಪ ತಡವಾಗಬಹುದು ಅಂದುಕೊಂಡೆವು. ಅವಧಿ ಮುಗಿಯುವ ಮುಂಚೆಯೇ ಚುನಾವಣೆ ಮುಗಿದಿರಬೇಕು ಅಂತ ಸಂವಿಧಾನದ 243ಯು ವಿಧಿ ಹೇಳುತ್ತದೆ. ಸುಪ್ರೀಂ ಕೋರ್ಟ್ 2006ರಲ್ಲೇ ಇದನ್ನು ಒತ್ತಿ ಹೇಳಿದೆ. ಆದರೂ ಪ್ರತಿ ಸಲ ಏನೋ ಒಂದು. ವಾರ್ಡ್ ಸಂಖ್ಯೆ 198ರಿಂದ 243ಕ್ಕೆ ಹೋಯಿತು. ಮೀಸಲಾತಿ ಪಟ್ಟಿ 2022ರಲ್ಲಿ ಹೈಕೋರ್ಟಿನಲ್ಲಿ ಬಿದ್ದುಹೋಯಿತು. ಸರ್ಕಾರ ಬದಲಾಯಿತು, 243 ಹೋಗಿ 225 ಬಂತು. ಆಮೇಲೆ ಊರಿನ ಪಾಲಿಕೆಯಾದ ಬಿಬಿಎಂಪಿಯೇ ಹೋಯಿತು. 2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರ ಕೆಳಗೆ ಐದು ಪಾಲಿಕೆ, ಅವುಗಳಲ್ಲಿ ಒಟ್ಟು 369 ವಾರ್ಡ್. ಇದು ಮೊದಲ ಸಲವೂ ಅಲ್ಲ. 2006ರ ಕೊನೆಗೆ ಹಳೆಯ ಪಾಲಿಕೆಯ ಅವಧಿ ಮುಗಿದು, ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿ ಸೇರಿಸಿ ಬಿಬಿಎಂಪಿ ಮಾಡಿದಾಗಲೂ ಚುನಾವಣೆ ನಡೆದದ್ದು 2010ರ ಮಾರ್ಚ್‌ನಲ್ಲಿ. ಅವತ್ತೂ ಮೂರು ವರ್ಷಕ್ಕಿಂತ ಜಾಸ್ತಿ ಹೀಗೇ ಇದ್ದೆವು. ಬೇಗ ಮರೆತೆವು.

ಈ ಮಧ್ಯೆ ದುಡ್ಡೇನೂ ನಿಲ್ಲಲಿಲ್ಲ. 2025ರ ಮಾರ್ಚ್‌ನಲ್ಲಿ ಬಿಬಿಎಂಪಿ ಮಂಡಿಸಿದ ಬಜೆಟ್ 19,927 ಕೋಟಿ ರೂಪಾಯಿ. ಅದನ್ನು ಅಧಿಕಾರಿಗಳು ಬರೆದರು, ಅಧಿಕಾರಿಗಳೇ ಓದಿದರು, ಅಧಿಕಾರಿಗಳೇ ಒಪ್ಪಿದರು. ನಮ್ಮ ವಾರ್ಡಿಗೆ ಯಾಕಿಷ್ಟು ಕಡಿಮೆ ಅಂತ ಎದ್ದು ಗಲಾಟೆ ಮಾಡಲು ಕೌನ್ಸಿಲ್ ಹಾಲಿನಲ್ಲಿ ಒಬ್ಬರೂ ಇರಲಿಲ್ಲ. ಅದೇ ಏಪ್ರಿಲ್‌ನಲ್ಲಿ ಕಸದ ಶುಲ್ಕ ಬಂತು. ಮನೆಯ ಅಳತೆ ನೋಡಿ ತಿಂಗಳಿಗೆ 10 ರೂಪಾಯಿಯಿಂದ 400 ರೂಪಾಯಿವರೆಗೆ, ಆಸ್ತಿ ತೆರಿಗೆಯ ಜೊತೆಗೇ. ಶುಲ್ಕ ಸರಿಯೋ ತಪ್ಪೋ, ಅದು ಬೇರೆ ಮಾತು. ನಾವು ಆರಿಸಿದ ಪಾಲಿಕೆ ಸದಸ್ಯರು ಒಬ್ಬರೂ ಕೈ ಎತ್ತದೆ ನಮ್ಮ ಮೇಲೆ ಒಂದು ಶುಲ್ಕ ಬಂತು. ಎದುರುಮನೆಯ ಅಂಕಲ್ ಅವತ್ತು ಬಹಳ ಸಿಟ್ಟಾಗಿದ್ದರು. ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಉದ್ದುದ್ದ ಬರೆದರು. ಎಪ್ಪತ್ತು ಜನ ಹೆಬ್ಬೆರಳು ಒತ್ತಿದರು. ಅಲ್ಲಿಗೆ ಮುಗಿಯಿತು.

ಈಗ ಕೆಲಸ ಆಗಬೇಕಾದರೆ ಶಾಸಕರ ಆಫೀಸಿಗೆ ಹೋಗಬೇಕು ಅನ್ನುತ್ತಾರೆ. ಊರಿಗೆ 28 ಶಾಸಕರು. 198 ವಾರ್ಡ್ ಲೆಕ್ಕದಲ್ಲಿ ಒಬ್ಬೊಬ್ಬರಿಗೆ ಏಳು ವಾರ್ಡ್. ಅವರ ಕೆಲಸ ವಿಧಾನಸಭೆಯಲ್ಲಿ ಕಾನೂನು ಮಾಡುವುದು. ಮೋರಿಯ ಚಪ್ಪಡಿ ಹಿಡಿದುಕೊಂಡು ಅಲ್ಲಿ ಕ್ಯೂ ನಿಲ್ಲುವುದು ಯಾರಿಗೂ ನ್ಯಾಯ ಅಲ್ಲ, ಅಲ್ವಾ?

ಮೂರು ವರ್ಷದ ಹಿಂದೆ ಕೆಳಗಿನ ಮೋರಿಯ ಆ ಚಪ್ಪಡಿ ಒಡೆಯಿತು. ಸ್ಕೂಲ್ ಮಕ್ಕಳು ಓಡಾಡುವ ಜಾಗ. ಫೋನಿನಲ್ಲಿ ದೂರು ಕೊಟ್ಟೆ. ನಂಬರ್ ಬಂತು. ನಾಲ್ಕು ದಿನ ಬಿಟ್ಟು ದೂರು ಬಗೆಹರಿದಿದೆ ಅಂತ ಮೆಸೇಜ್ ಬಂತು. ಹೋಗಿ ನೋಡಿದರೆ ಚಪ್ಪಡಿ ಹಾಗೇ ಇದೆ. ಮತ್ತೆ ಕೊಟ್ಟೆ, ಮತ್ತೆ ಅದೇ. ಕೊನೆಗೆ ಬೀದಿಯವರು ತಲಾ ಐನೂರು ಹಾಕಿ ಮೇಸ್ತ್ರಿ ಕರೆಸಿ ಹೊಸ ಚಪ್ಪಡಿ ಮುಚ್ಚಿಸಿದೆವು. ಅವತ್ತು ನನಗೆ ಬೇಜಾರಾದದ್ದು ಐನೂರು ರೂಪಾಯಿಗೆ ಅಲ್ಲ. ಯಾರೂ ನನಗೆ ಎದುರು ನಿಂತು ಆಗಲ್ಲ ಅಂತ ಕೂಡ ಹೇಳಲಿಲ್ಲವಲ್ಲ, ಅದಕ್ಕೆ. ಆಕೆ ಎಷ್ಟೋ ಸಲ ಆಗಲ್ಲ ಅಂದಿದ್ದರು. ಯಾಕೆ ಆಗಲ್ಲ ಅಂತಲೂ ಹೇಳಿದ್ದರು. ಅದನ್ನು ಕೇಳಿ ನಾನು ವಾದ ಮಾಡಿದ್ದೆ.

ಇನ್ನೂ ಒಂದು ಇದೆ. ಹಾಸಿಗೆಯ ಮಾತು. ಈ ಐದು ವರ್ಷದಲ್ಲಿ ಯಾರೂ ಬಂದು ನಮ್ಮ ಬೀದಿಗೆ, ತಪ್ಪು ನಿಮ್ಮದೂ ಇದೆ ಅಂತ ಹೇಳಿಲ್ಲ. ಅಧಿಕಾರಿಗಳು ನೋಟಿಸ್ ಕೊಡಬಹುದು, ದಂಡ ಹಾಕಬಹುದು. ಆದರೆ ಪಾರ್ಕಿನಲ್ಲಿ ನಮ್ಮ ಮುಂದೆ ನಿಂತು, ಇದು ನನ್ನ ತಪ್ಪು, ಅದು ನಿಮ್ಮ ತಪ್ಪು ಅನ್ನುವ ಸಲಿಗೆ ಅವರಿಗೆ ಬರುವುದಿಲ್ಲ. ರಾತ್ರಿ ಮೂರು ಗಂಟೆಗೆ ನಮ್ಮಿಂದ ಬೈಸಿಕೊಂಡವರಿಗೆ ಮಾತ್ರ ಬೆಳಿಗ್ಗೆ ಎಂಟಕ್ಕೆ ನಮ್ಮನ್ನು ತಿರುಗಿ ಬೈಯುವ ಹಕ್ಕು ಇರುತ್ತದೆ. ಅಂಕಲ್‌ಗೆ ನಾನು ಹೇಳಬೇಕಾಗಿದ್ದದ್ದು ಇದನ್ನೇ. ಏನೂ ಮುಳುಗಿ ಹೋಗಿಲ್ಲ ಅನ್ನುವುದು ನಿಜ. ಆದರೆ ನಮಗೂ ಊರಿಗೂ ನಡುವೆ ಇದ್ದ ಒಂದು ಜಗಳ ನಿಂತುಹೋಗಿದೆ. ಆ ಜಗಳದಲ್ಲೇ ನಾವು ಊರಿನವರಾಗಿದ್ದೆವು.

ಸಹಿ

ಹೊಸ ವಾರ್ಡ್‌ಗಳ ಕರಡು ನಕ್ಷೆ ಬಂದಾಗ ಆಕ್ಷೇಪಣೆ ಇದ್ದರೆ ಸಲ್ಲಿಸಿ ಅಂದಿದ್ದರು. ಅಂಕಲ್ ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ನಮ್ಮ ಮನೆಗೆ ಬಂದರು. ಹೌದು, ಅದೇ ಅಂಕಲ್. ಹೀಗೇ ಇರಲಿ ಬಿಡಿ ಅಂದವರು ನಕ್ಷೆ ಬಿಡಿಸಿ, ಕನ್ನಡಕ ಮೇಲೆತ್ತಿ, ಬೆರಳಿನಲ್ಲಿ ನಮ್ಮ ಬೀದಿ ಹುಡುಕಿದರು. ಊಟದ ಮೇಜಿನ ಮೇಲೆ ನಕ್ಷೆ ಹರಡಿ ಇಬ್ಬರೂ ಬಗ್ಗಿ ನೋಡಿದೆವು. ಗಡಿಯ ಗೆರೆ ನಮ್ಮ ಬೀದಿಯ ಮಧ್ಯಕ್ಕೇ ಬಂದಿತ್ತು. ಮೇಲಿನ ಮನೆಗಳು ಒಂದು ವಾರ್ಡ್, ರಾಜಕಾಲುವೆ ಪಕ್ಕದ ನಾಲ್ಕು ಮನೆಗಳು ಇನ್ನೊಂದು. ನೀರು ಮೇಲಿನ ವಾರ್ಡಿನಿಂದ ಹರಿದು ಕೆಳಗಿನ ವಾರ್ಡಿನಲ್ಲಿ ನಿಲ್ಲುತ್ತದೆ. ನಾಳೆ ಮಳೆ ಬಂದರೆ ಅಂಕಲ್ ಒಬ್ಬರನ್ನು ಕೇಳಬೇಕು, ನಾವು ಇನ್ನೊಬ್ಬರನ್ನು. "ಇದು ಆಗಲ್ಲ. ಬರೀರಿ" ಅಂದರು ಅಂಕಲ್.

ಬರೆದೆವು. ಇಡೀ ಬೀದಿ ಒಂದೇ ವಾರ್ಡಿನಲ್ಲಿ ಇರಲಿ, ಯಾಕೆಂದರೆ ನಮ್ಮ ಮೋರಿ ಒಂದೇ. ಇಷ್ಟೇ ವಿಷಯ. ಇಪ್ಪತ್ತೆರಡು ಮನೆಯವರು ಸಹಿ ಹಾಕಿದರು. ಮೂಲೆಮನೆಯ ಅಜ್ಜಿ ಈಗ ಇಲ್ಲ. ಅವರ ಸೊಸೆ ಹಾಕಿದರು. ಕೊನೆಗೆ ಅಂಕಲ್‌ಗೇ ಅನಿಸಿತು, ಕಾರ್ಪೊರೇಟರ್ ಆಗಿದ್ದ ಮೇಡಂ ಸಹಿಯೂ ಇದ್ದರೆ ಒಳ್ಳೆಯದು ಅಂತ. ಇಬ್ಬರೂ ಆಕೆಯ ಮನೆಗೆ ಹೋದೆವು. ಆಕೆಯ ಕೂದಲು ಬೆಳ್ಳಗಾಗಿದೆ. ವರಾಂಡದಲ್ಲಿ ಇನ್ನೂ ಮೂರು ಜನ ಏನೋ ಕಾಗದ ಹಿಡಿದು ಕೂತಿದ್ದರು. ಐದು ವರ್ಷದಿಂದ ಆಕೆಗೆ ಯಾವ ಅಧಿಕಾರವೂ ಇಲ್ಲ. ಜನ ಬರುವುದು ನಿಂತಿಲ್ಲ.

ಆಕೆ ಕಾಗದವನ್ನು ನಿಧಾನವಾಗಿ ಓದಿದರು. ಪೆನ್ನು ತೆಗೆದುಕೊಂಡರು. ಸಹಿ ಹಾಕುವ ಮುಂಚೆ ಒಂದು ಕಡೆ ನಿಂತರು. ನಾವು ಎರಡನೇ ಸಾಲಿನಲ್ಲಿ ಚರಂಡಿ ಅಂತ ಬರೆದಿದ್ದೆವು.

"ಇಲ್ಲಿ ಮಳೆನೀರಿನ ಮೋರಿ ಅಂತ ಬರೀರಿ" ಅಂದರು. "ಬರೀ ಚರಂಡಿ ಅಂದ್ರೆ ಒಳಚರಂಡಿ ಅಂದ್ಕೊಂಡು ಜಲಮಂಡಳಿಗೆ ಕಳಿಸಿಬಿಡ್ತಾರೆ."

ಅಂಕಲ್ ಅಲ್ಲೇ, ವರಾಂಡದ ಕಟ್ಟೆಯ ಮೇಲೆ ಕಾಗದ ಇಟ್ಟುಕೊಂಡು, ತಿದ್ದಿದರು.